ರೈಲಿನ ಟಿಕೆಟ್ ಕೊಟ್ಟು ಬಸ್ಸಿಗೆ ಹತ್ತಿಸಿದ್ದು ಯಾಕೆ?

ಮಾನ್ಯ ಸಂಪಾದಕರೇ,

ರಾತ್ರಿ ರೈಲನ್ನು ಅರ್ಧದಾರಿಯಲ್ಲೇ ನಿಲ್ಲಿಸಿದ ಬಗ್ಗೆ ನಿನ್ನೆ ನಿಮ್ಮಲ್ಲಿ ಬಂದ ವರದಿ ಓದಿದೆ. ‘ಬದಲಿ ಬಸ್ಸು ಕೊಟ್ಟಿದ್ದರಿಂದ ಪ್ರಯಾಣಿಕರಿಗೆ ತೊಂದರೆಯಾಗಿಲ್ಲ’ ಎಂದು ಅಧಿಕಾರಿಗಳು ಹೇಳಿದ್ದಾರಂತೆ. ಆ ರೈಲಿನಲ್ಲಿ ನಾನಿದ್ದೆ. ಜೊತೆಗೆ 78 ವರ್ಷದ ಅಮ್ಮ ಇದ್ದರು. ನಮ್ಮನ್ನು ಯಾರು ಕೇಳಿದರು?

ರಾತ್ರಿ ಎರಡೂವರೆಗೆ ಬೋಗಿಯ ದೀಪ ಹಾಕಿ ‘ಇಳೀರಿ, ಇಳೀರಿ’ ಅಂದರು. ಕಾರಣ ಹೇಳಲಿಲ್ಲ. ಅಮ್ಮನನ್ನು ಎಬ್ಬಿಸಿ, ಬರ್ತಿನ ಕೆಳಗೆ ತಡಕಾಡಿ ಅವರ ಚಪ್ಪಲಿ ಹುಡುಕಿ, ಮೂರು ಚೀಲ ಹೊತ್ತು ಇಳಿದೆ. ಲಿಫ್ಟಿಗೆ ಬೀಗ. ವೇಟಿಂಗ್ ರೂಮಿಗೂ ಬೀಗ. ಮಂಡಿನೋವಿನ ಅಮ್ಮ ಒಂದೊಂದೇ ಮೆಟ್ಟಿಲು ಹತ್ತಿ ಇಳಿದು ಹೊರಗೆ ಬರುವಷ್ಟರಲ್ಲಿ ಬಸ್ಸಿನಲ್ಲಿ ಉಳಿದಿದ್ದು ಹಿಂದಿನ ಸೀಟು. ಏಳು ಗಂಟೆಯ ದಾರಿ. ನಿಲ್ಲಿಸಿದ್ದು ಒಂದೇ ಸಲ. ಅಮ್ಮ ದಾರಿಯುದ್ದಕ್ಕೂ ನೀರು ಕುಡಿಯಲಿಲ್ಲ. ಯಾಕೆ ಅಂತ ಹೆಣ್ಣುಮಕ್ಕಳಿಗೆ ಗೊತ್ತು.

‘ರೈಲಾದರೇನು ಬಸ್ಸಾದರೇನು, ಊರು ಸೇರಿದರೆ ಸಾಕಲ್ವಾ?’ ಎಂದರು ಅಲ್ಲಿದ್ದ ಅಧಿಕಾರಿ. ನನಗೆ ಸಿಟ್ಟು ಬಂದಿದ್ದು ಬೀಗಕ್ಕಿಂತ ಈ ಮಾತಿಗೆ.

ಸಾಕಾಗುವುದಿಲ್ಲ ಸ್ವಾಮಿ. ನಾವು ರೈಲು ಹಿಡಿದಿದ್ದು ಅಮ್ಮ ಕಾಲು ಚಾಚಿ ಮಲಗಲಿ ಎಂದು. ಬೇಕಾದಾಗ ಎದ್ದು ನಾಲ್ಕು ಹೆಜ್ಜೆ ನಡೆಯಲಿ, ಶೌಚಾಲಯಕ್ಕೆ ಯಾರ ಅಪ್ಪಣೆಯೂ ಇಲ್ಲದೆ ಹೋಗಲಿ ಎಂದು. ಅಷ್ಟೇ ಅಲ್ಲ. ಅವತ್ತು ಸಂಜೆ ಅಮ್ಮ ಕಿಟಕಿ ಬಿಟ್ಟು ಕದಲಲಿಲ್ಲ. ಕಪ್ಪು ಮಣ್ಣು ಹೋಗಿ ಕೆಂಪು ಮಣ್ಣು ಬಂದಿದ್ದನ್ನು ನನಗೆ ತೋರಿಸಿದರು. ಸೇತುವೆ ಬಂದಾಗ ಗಾಲಿಯ ಸದ್ದು ಬದಲಾಯಿತು, ಮಾತು ನಿಲ್ಲಿಸಿ ಕೇಳಿದರು. ಎದುರಿನ ಬರ್ತಿನ ಹೆಂಗಸಿನ ಹೆಸರೂ ಗೊತ್ತಿಲ್ಲ, ಆದರೆ ಇಬ್ಬರೂ ತಮ್ಮ ತಮ್ಮ ಹೆರಿಗೆಯ ಕಥೆಯವರೆಗೆ ಹೋಗಿದ್ದರು. ಮನೆಯಲ್ಲಿ ಅಮ್ಮ ಇಷ್ಟು ಮಾತಾಡಿ ವರ್ಷಗಳಾಗಿವೆ. ಬೆಳಗಿನ ಜಾವ ಗುರುತಿಲ್ಲದ ಸ್ಟೇಷನ್ನಿನಲ್ಲಿ ರೈಲು ನಿಂತಾಗಿನ ಆ ಮೌನವನ್ನು ಅವರಿಗೆ ಕೇಳಿಸಬೇಕು ಅಂತ ನಾನು ಕಾದಿದ್ದೆ. ಅದನ್ನು ಕಿತ್ತುಕೊಂಡರು.

ರಷ್ಯಾದಲ್ಲಿ ಮಾಸ್ಕೋದಿಂದ ಪೂರ್ವ ಕಡಲತೀರದ ವ್ಲಾಡಿವೊಸ್ತೋಕ್‌ಗೆ ರೈಲುದಾರಿ 9,289 ಕಿ.ಮೀ. ಜನ ಹೆಚ್ಚುಕಡಿಮೆ ಒಂದು ವಾರ ರೈಲಿನಲ್ಲೇ ಇರುತ್ತಾರೆ. ಆಸ್ಟ್ರೇಲಿಯಾದ ನಲ್ಲರ್ಬೋರ್ ಬಯಲಲ್ಲಿ 478 ಕಿ.ಮೀ. ಒಂದು ತಿರುವೂ ಇಲ್ಲದ ಹಳಿ. ಬರೀ ಬಯಲನ್ನು ಏನು ನೋಡುವುದು ಅನ್ನಬೇಡಿ. ನೆಲ ಅಷ್ಟು ದೊಡ್ಡದು ಅನ್ನುವುದು ಅದರ ಮೇಲೆ ಗಂಟೆಗಟ್ಟಲೆ ಹೋದರೆ ಮಾತ್ರ ಮೈಗೆ ತಿಳಿಯುತ್ತದೆ.

‘ರಾತ್ರಿ ರೈಲು ನಷ್ಟ’ ಎಂಬುದು ಇನ್ನೊಂದು ಹಾಡು. ಜರ್ಮನಿಯ ರೈಲ್ವೆಯೂ 2016ರ ಕೊನೆಗೆ ತನ್ನ ಸ್ಲೀಪರ್ ರೈಲುಗಳನ್ನು ಕೈಬಿಟ್ಟಿತು. ಪಕ್ಕದ ಆಸ್ಟ್ರಿಯಾದವರು ಅವುಗಳಲ್ಲಿ ಕೆಲವನ್ನು ವಹಿಸಿಕೊಂಡು ‘ನೈಟ್‌ಜೆಟ್’ ಹೆಸರಲ್ಲಿ ಓಡಿಸಿದರು. ಮನಸ್ಸಿದ್ದವರು ಓಡಿಸುತ್ತಾರೆ. ಉಕ್ಕಿನ ಗಾಲಿ ಹಳಿಯನ್ನು ಮುಟ್ಟುವುದೇ ಒಂದು ಉಗುರಿನಷ್ಟು ಜಾಗದಲ್ಲಿ. ರಬ್ಬರ್ ಟೈರಿನ ಹಾಗೆ ಅಮುಕಿಕೊಂಡು ಉರುಳುವುದಿಲ್ಲ. ಅಷ್ಟೇ ಭಾರ ಎಳೆಯಲು ರಸ್ತೆಗಿಂತ ಎಷ್ಟೋ ಕಡಿಮೆ ಇಂಧನ ಸಾಕು. ಅಂಥ ರೈಲಿನ ಜನರನ್ನೆಲ್ಲ ಇಳಿಸಿ ಸಾಲು ಸಾಲು ಬಸ್ಸಿಗೆ ತುಂಬುವುದು ಯಾವ ಲೆಕ್ಕ?

ಇದು ಮೊದಲ ಸಲವೂ ಅಲ್ಲ. ಹೋದ ವರ್ಷ ನಮ್ಮ ರೈಲು ಹತ್ತು ನಿಮಿಷ ತಡವಾಯಿತು, ಮುಂದಿನ ರೈಲು ಕಣ್ಣೆದುರೇ ಹೊರಟಿತು. ಅದರ ಹಿಂದಿನ ವರ್ಷ ಕೊನೇ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲಿಸಿ ಮುದುಕರು, ಮಕ್ಕಳನ್ನೆಲ್ಲ ಓಡಿಸಿದರು. ದೂರು ಬರೆದುಕೊಟ್ಟೆ. ರಸೀದಿ ಇನ್ನೂ ನನ್ನ ಹತ್ತಿರವೇ ಇದೆ, ಉತ್ತರ ಬಂದಿಲ್ಲ. ಕೌಂಟರಿನಲ್ಲಿ ಕೇಳಿದರೆ ಆ್ಯಪ್ ನೋಡಿ ಅನ್ನುತ್ತಾರೆ. ಅಮ್ಮನಂಥವರು ಯಾವ ಆ್ಯಪ್ ನೋಡಬೇಕು?

ಸಂಬಂಧಪಟ್ಟವರು ಈ ರೈಲನ್ನು ಕೊನೆಯ ನಿಲ್ದಾಣದವರೆಗೆ ಓಡಿಸಬೇಕು. ಆಗದಿದ್ದರೆ ಮೊದಲೇ ಹೇಳಬೇಕು. ಆ ಲಿಫ್ಟಿನ ಬೀಗದ ಕೈ ಯಾರ ಹತ್ತಿರ ಇದೆಯೋ ಅವರು ಬೀಗ ತೆಗೆಯಲಿ. ಬಸ್ಸೂ ರೈಲೂ ಒಂದೇ ಎಂದ ಅಧಿಕಾರಿ ತಮ್ಮ ತಾಯಿಯನ್ನು ಕರೆದುಕೊಂಡು ಒಂದು ರಾತ್ರಿ ಆ ಹಿಂದಿನ ಸೀಟಿನಲ್ಲಿ ಕೂತು ಬರಲಿ. ನಾಚಿಕೆಯಾಗಬೇಕು ಇವರಿಗೆ.

– ನೊಂದ ಪ್ರಯಾಣಿಕ