ಡೇಟಾಬೇಸ್‌ನ ತೂಕದ ಟೇಬಲ್ ಮುಟ್ಟುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಅರೇಬಿಕಾ ಕಾಫಿ ಕೊಯ್ಲು ಜೋರಾಗಿದೆ. ಮೂಡಿಗೆರೆ, ಆಲ್ದೂರು ಕಡೆಯಿಂದ ತೂಕದ ಎಂಟ್ರಿ ರಾತ್ರಿವರೆಗೂ ಬರ್ತಾನೇ ಇರುತ್ತೆ. ಇದೇ ಹೊತ್ತಲ್ಲಿ ತೇವಾಂಶಕ್ಕೆ ಬೇರೆ ಕಾಲಂ ಸೇರಿಸಬೇಕಾಗಿದೆ. ಇಲ್ಲಿವರೆಗೆ ಅದನ್ನ ಷರಾ (ಟಿಪ್ಪಣಿ) ಕಾಲಂನಲ್ಲೇ ಬರೀತಿದ್ವಿ.

ಕಾಲಂ ಸೇರಿಸೋದು ಕ್ಷಣದ ಕೆಲಸ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್, ಅದರ 11ನೇ ಆವೃತ್ತಿಯಿಂದ ಈಚೆಗೆ ಸ್ಥಿರವಾದ ಡಿಫಾಲ್ಟ್ (ತಾನಾಗಿ ತುಂಬೋ ಮೌಲ್ಯ) ಕೊಟ್ಟರೂ ಇಡೀ ಟೇಬಲ್ ಮತ್ತೆ ಬರೆಯಲ್ಲ. ನನಗೆ ಭಯ ಇರೋದು ಲಾಕ್‌ದು, ಅಂದರೆ ಒಂದು ಕೆಲಸ ಮುಗಿಯೋವರೆಗೆ ಟೇಬಲ್ ಮೇಲೆ ಬೀಳೋ ಬೀಗದ್ದು. ಯಾರದೋ ದೊಡ್ಡ ವರದಿ ಓಡ್ತಿದ್ದರೆ ನಮ್ಮ ಆಲ್ಟರ್ (ಕಾಲಂ ಸೇರಿಸೋ ಆದೇಶ) ಅದರ ಹಿಂದೆ ಕಾಯುತ್ತೆ, ಆಲ್ಟರ್ ಹಿಂದೆ ಬಂದ ಪ್ರತಿ ಓದು, ಪ್ರತಿ ಎಂಟ್ರಿಯೂ ನಿಂತುಬಿಡುತ್ತೆ. ಚಾರ್ಮಾಡಿ ಘಾಟಿಯಲ್ಲಿ ಒಂದು ಲಾರಿ ಅಡ್ಡ ನಿಂತ ಹಾಗೆ. ಹೋದ ವರ್ಷ ಹೀಗೇ ಆಗಿ, ತೂಕದ ಚೀಟಿ ಸಿಗದೆ ಪಿಕಪ್‌ಗಳು ಸಾಲುಗಟ್ಟಿ ನಿಂತಿದ್ದು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತೆ. ಅದಕ್ಕೇ ಮೊದಲು ಲಾಕ್ ಟೈಮ್‌ಔಟ್ (ಲಾಕ್‌ಗೆ ಕಾಯೋ ಗಡುವು) 2 ಸೆಕೆಂಡ್ ಇಡಿ. ಲಾಕ್ ಸಿಗದಿದ್ದರೆ ಹಟ ಬೇಡ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸಿ.

ಹಳೇ ಸಾಲುಗಳ ಹೊಸ ಕಾಲಂನ ಒಂದೇ ಅಪ್‌ಡೇಟಲ್ಲಿ ತುಂಬಬೇಡಿ. ಸಾವಿರ ಸಾವಿರದಂತೆ ಮಾಡಿ, ಪ್ರತಿ ಕಂತಿಗೂ ಕಮಿಟ್ ಮಾಡಿ (ಕಾಯಂ ಉಳಿಸಿ).

ಇಂಡೆಕ್ಸ್ (ಬೇಗ ಹುಡುಕೋಕೆ ಇರೋ ಸೂಚಿ) ಕಡ್ಡಾಯವಾಗಿ ಕಾನ್‌ಕರೆಂಟ್ಲಿ ಕಟ್ಟಿ, ಅಂದರೆ ಎಂಟ್ರಿ ನಿಲ್ಲಿಸದ ಹಾಗೆ. ಅದು ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಆಗದ ಆದೇಶಗಳ ಕಟ್ಟು) ಒಳಗೆ ನಡೆಯಲ್ಲ, ಹಾಗಾಗಿ ಅದರ ಮೈಗ್ರೇಷನ್ ಫೈಲ್ (ಟೇಬಲ್ ಬದಲಾವಣೆಯ ಆದೇಶ ಇರೋದು) ಬೇರೆ ಇರಲಿ. ಮಧ್ಯೆ ಕೈಕೊಟ್ಟರೆ ಇನ್‌ವ್ಯಾಲಿಡ್ (ಹುಡುಕೋಕೆ ಬಾರದ) ಇಂಡೆಕ್ಸ್ ಹಾಗೇ ಉಳಿಯುತ್ತೆ. ಡ್ರಾಪ್ ಮಾಡಿ ಮತ್ತೆ ಕಟ್ಟಿ.

ಷರಾ ಕಾಲಂ ಕೊಯ್ಲು ಮುಗಿಯೋವರೆಗೂ ಯಾರೂ ತೆಗೀಬೇಡಿ. ತೋಟದ ರೈಟರ್‌ಗಳ (ಲೆಕ್ಕ ಬರೆಯೋರ) ಫೋನಲ್ಲಿ ಇನ್ನೂ ಹಳೇ ಆ್ಯಪ್ ಇದೆ, ಅದು ಬರೆಯೋದು ಅಲ್ಲಿಗೇ.

ಬುಧವಾರ ರಾತ್ರಿ 11ಕ್ಕೆ ನಾನೇ ಕೂತು ಓಡಿಸ್ತೀನಿ. ಆ ಹೊತ್ತಲ್ಲಿ ವರದಿ ತೆಗೆಯೋರು ಇದ್ದರೆ ದಯವಿಟ್ಟು ಮೊದಲೇ ಇಲ್ಲಿ ಹೇಳಿ.