ಹಳೇ ಮನೆಗೆ ಕೈ ಹಾಕುವ ಮುಂಚೆ: ಸೋದರಳಿಯನಿಗೊಂದು ಕಾಗದ

ಸಾಗರ
ಆಷಾಢ

ಚಿ|| ಪುಟ್ಟನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಉಭಯಕುಶಲೋಪರಿ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದನ್ನೆಲ್ಲ ಸುಮ್ಮನೆ ಕೇಳಿಸಿಕೊಂಡೆ. ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಕಡೆಯ ಆ ಮನೆಗೆ ಹೆಂಡತಿ, ಮಗುವಿನ ಜೊತೆ ಬಂದಿರುತ್ತೇನೆ ಅನ್ನುವವನಿಗೆ ಅಡ್ಡಮಾತು ಆಡಬಾರದು ಅನ್ನಿಸಿತು. ಅಣ್ಣ, ಅಂದರೆ ನಿನ್ನ ಅಪ್ಪ, ಹೋದಮೇಲೆ ಬೀಗ ಬಿದ್ದ ಮನೆಯಲ್ಲಿ ಮತ್ತೆ ದೀಪ ಹತ್ತುತ್ತದೆ ಅಂದರೆ ನನಗಿಂತ ಸಂತೋಷ ಪಡುವವರು ಯಾರಿದ್ದಾರೆ? ಆದರೆ ಗಣಪತಿ ಹಬ್ಬ ಕಳೆದಮೇಲೆ ಕೆಲಸ ಶುರು, ಸಂಕ್ರಾಂತಿಗೆ ಒಕ್ಕಲು, ಅಷ್ಟರೊಳಗೆ ಗೋಡೆಗೆಲ್ಲ ಸಿಮೆಂಟು, ನೆಲಕ್ಕೆ ವಿಟ್ರಿಫೈಡ್ ಟೈಲ್ಸು, ಮನೆ ಹಿಂದಿನ ಧರೆ, ಆ ಮಣ್ಣಿನ ದಿಬ್ಬ, ಕಡಿದು ಕಾರು ನಿಲ್ಲಿಸುವ ಜಾಗ ಅಂದೆಯಲ್ಲ, ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ‘ಹೂಂ ಅತ್ತೆ’ ಅಂದು ಮರೆಯುತ್ತೀಯ. ಕಾಗದವಾದರೆ ಜೇಬಿನಲ್ಲಿಟ್ಟುಕೊಂಡು ಮತ್ತೊಮ್ಮೆ ಓದಬಹುದು.

ಮೊದಲನೆಯದಾಗಿ, ಕಂಟ್ರಾಕ್ಟರನ ಮುಂಗಡದ ಚೀಟಿಗೆ ಸಹಿ ಹಾಕಬೇಡ. ಒಂದು ವಾರ ರಜೆ ಹಾಕಿ, ಈಗ ಮಳೆ ಹೊಡೆಯುತ್ತಿರುವಾಗಲೇ, ನೀನೊಬ್ಬನೇ ಹೋಗಿ ಆ ಮನೆಯಲ್ಲಿ ಇರು. ಬೇಸಿಗೆಯಲ್ಲಿ ನೋಡಿದರೆ ಎಲ್ಲ ಹಳೇ ಮನೆಯೂ ಚೆಂದವೇ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ, ನಮ್ಮೂರಿಗೆ ಅಷ್ಟಿಲ್ಲದಿದ್ದರೂ ಅದರ ನೆರೆಯೇ ತಾನೆ. ಅಂಥ ಕಡೆ ಮನೆ ಕೆಡುವುದು ನೀರಿನಿಂದ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಒಂದು ಬ್ಯಾಟರಿ, ಒಂದು ಸೀಮೆಸುಣ್ಣದ ತುಂಡು ಇಟ್ಟುಕೊಂಡು ಜೋರು ಮಳೆ ಬರುವಾಗ ಅಟ್ಟ ಹತ್ತು. ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿನ ಪಕ್ಕಾಸಿಗೆ, ಹೆಂಚು ಹೊತ್ತ ಓರೆ ಮರಕ್ಕೆ, ಗುರುತು ಹಾಕು. ಕೆಳಗೆ ಬಂದು ಗೋಡೆ ಬುಡ ಮುಟ್ಟಿ ನೋಡು, ತೇವ ಎಷ್ಟು ಎತ್ತರಕ್ಕೆ ಏರಿದೆಯೋ ಅಲ್ಲೊಂದು ಗೆರೆ ಎಳೆ. ಆಮೇಲೆ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಬಾ. ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದದ್ದು ಎಲ್ಲಿಗೆ ಹೋಗುತ್ತದೆ, ಧರೆಯ ಕಡೆಯ ಚರಂಡಿ ತುಂಬಿಕೊಂಡಿದೆಯೋ ಹರಿಯುತ್ತಿದೆಯೋ ನೋಡು. ಯಾವ ಇಂಜಿನಿಯರ್ ಫೀಸು ತಗೊಂಡು ಬಂದರೂ ಮಾಘಮಾಸದಲ್ಲಿ ಇದನ್ನು ತೋರಿಸಲಾರ.

ನನ್ನ ಊಹೆ ಹೇಳುತ್ತೇನೆ. ಅರ್ಧ ತೊಂದರೆ ಆ ಚರಂಡಿಯದೇ ಇರುತ್ತದೆ. ಅಪ್ಪಯ್ಯ ಇದ್ದಾಗ ಮಳೆಗಾಲಕ್ಕೆ ಮುಂಚೆ ಅದನ್ನು ಬಿಡಿಸುವುದು, ಹೆಂಚು ಕೈಯಾಡಿಸುವುದು ಹಬ್ಬದಷ್ಟೇ ಖಾಯಂ. ಬೀಗ ಬಿದ್ದಮೇಲೆ ಯಾರು ಮಾಡುತ್ತಾರೆ? ಚರಂಡಿ ಬಿಡಿಸಲು ಎರಡಾಳು ಸಾಕು, ಅದಕ್ಕೆ ಖರ್ಚೇ ಇಲ್ಲ ಅನ್ನಬಹುದು. ಅಂಗಳಕ್ಕೆ ಇಂಟರ್‌ಲಾಕ್ ಹಾಸುತ್ತೇನೆ ಅಂದಿದ್ದೆ. ಹಾಸುವುದಾದರೆ ಗೋಡೆಯಿಂದ ಎರಡು ಮೂರು ಅಡಿ ಬಿಟ್ಟು, ನೀರು ಮನೆಯಿಂದ ಆಚೆಗೆ ಓಡುವ ಹಾಗೆ ವಾಟ ಕೊಟ್ಟು ಹಾಸು. ಅಂಗಳದ ಮಟ್ಟ ಏರಿಸಿ ಅಡಿಪಾಯದ ಜಂಬಿಟ್ಟಿಗೆ ಕಲ್ಲು ಮುಚ್ಚಿದರೆ ನೀರು ಸೀದಾ ಮಣ್ಣಿನ ಗೋಡೆಗೆ ಮುಟ್ಟುತ್ತದೆ.

ಈಗ ಗೋಡೆಗೆ ಬರುತ್ತೇನೆ, ಜಾಸ್ತಿ ಹೆದರಿಕೆ ಇರುವುದು ಇಲ್ಲೇ. ನಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಅದು ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಗಾಳಿಗೆ ಬಿಟ್ಟುಕೊಡುತ್ತದೆ, ಮಳೆಗಾಲ ಕಳೆದರೆ ಒಣಗುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಏನಾಗುತ್ತದೆ ಗೊತ್ತಾ? ನೀನು ಚಿಕ್ಕವನಿದ್ದಾಗ ಗದ್ದೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೋಗಿ, ಮಳೆಯಲ್ಲಿ ನೆನೆಯದಿದ್ದರೂ ಬೆವರಿನಲ್ಲೇ ತೊಪ್ಪೆಯಾಗಿ ಬಂದಿದ್ದೆಯಲ್ಲ, ಕಂಬಳಿ ಕೊಪ್ಪೆ ಹಾಕಿದ ಆಳುಗಳು ನಗಾಡಿದ್ದರು, ಅದೇ ಕಥೆ. ತೇವ ಹೊರಗೆ ಬರಲಾರದೆ ಮೇಲೆ ಮೇಲೆ ಏರುತ್ತದೆ. ಎರಡು ಮೂರು ಮಳೆಗಾಲಕ್ಕೆ ಉಪ್ಪು ಹೂವಿನ ಹಾಗೆ ಬಿಳಿ ಬಿಳಿ ಎದ್ದು, ಸಿಮೆಂಟು ಹಪ್ಪಳೆ ಹಪ್ಪಳೆಯಾಗಿ ಬೀಳುತ್ತದೆ, ಬೀಳುವಾಗ ಒಳಗಿನ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ನಮ್ಮ ಕೇರಿಯಲ್ಲೇ ಒಬ್ಬರು ಹೀಗೆ ಮಾಡಿಸಿ, ಈಗ ತೇವ ಕಾಣದಿರಲಿ ಅಂತ ಗೋಡೆಗೆ ಪಿ.ವಿ.ಸಿ. ಹಲಗೆ ಹೊಡೆಸಿದ್ದಾರೆ. ಒಳಗೆ ಏನಾಗುತ್ತಿದೆಯೋ ಆ ದೇವರಿಗೇ ಗೊತ್ತು.

ಸುಣ್ಣದ ಗಾರೆಯೇ ಮಾಡಿಸು. ಕರಾವಳಿಯ ಚಿಪ್ಪುಸುಣ್ಣ ಸಿಕ್ಕರೆ ಒಳ್ಳೆಯದು. ಅದನ್ನು ನೀರಿನಲ್ಲಿ ಚೆನ್ನಾಗಿ ಕೊಳೆಹಾಕಬೇಕು, ಅವಸರ ಮಾಡುವ ಹಾಗಿಲ್ಲ. ಹಿಂದೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆಯುತ್ತಿದ್ದರು. ಇಂಥ ಕೆಲಸ ಬಲ್ಲ ಮೇಸ್ತ್ರಿ ಸಿಗುವುದು ಕಷ್ಟ ಅಂತ ನಿನ್ನ ಕಂಟ್ರಾಕ್ಟರ್ ಹೇಳುತ್ತಾನೆ, ಹೇಳಲಿ. ಸಿಗದಿದ್ದರೆ ಇರುವ ಮಣ್ಣಿನ ಗಿಲಾವನ್ನೇ ತೇಪೆ ಹಚ್ಚಿ ಸುಣ್ಣ ಬಳಿಸು. ನೋಡಲು ಅಷ್ಟು ನಯವಾಗಿ ಇರುವುದಿಲ್ಲ, ಮಾರಾಯ, ಆದರೆ ಗೋಡೆ ಉಳಿಯುತ್ತದೆ. ನೆಲದ ಕೆಂಪು ಗಾರೆಗೂ ಇದೇ ಮಾತು. ಬಿರುಕು ಬಿಟ್ಟಲ್ಲಿ ತುಂಬಿಸಿ, ತಿಕ್ಕಿಸಿ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಾ ಬಂದರೆ ವರ್ಷದೊಳಗೆ ಹೊಳಪು ತಾನಾಗಿ ಬರುತ್ತದೆ. ಟೈಲ್ಸು ಹಾಸಿ ನೆಲದ ತೇವಕ್ಕೆ ದಾರಿ ಮುಚ್ಚಿದರೆ ಅದು ಗೋಡೆ ಹುಡುಕಿಕೊಂಡು ಹೋಗುತ್ತದೆ. ಬಚ್ಚಲಿಗೆ ಬೇಕಾದರೆ ಜಾರದಂಥ ಟೈಲ್ಸು ಹಾಕಿಸಿಕೋ, ನಿನ್ನ ಅಮ್ಮನ ಮಂಡಿ ನೆನಪಿರಲಿ.

ಮಾಡಿನ, ಅಂದರೆ ಮನೆಯ ಚಾವಣಿಯ, ಮೇಲೆ ಇರುವುದು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಶುರುಮಾಡಿದ ಕಸುಬು, ಆಮೇಲೆ ಅಲ್ಲಿ ಎಷ್ಟೋ ಕಾರ್ಖಾನೆಗಳಾದವು. ಒಂದೊಂದರ ಅಚ್ಚು ಒಂದೊಂದು ಥರ, ಒಂದರ ಅಂಚಿನ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಇಳಿಸುವಾಗ ಹೆಂಚಿನ ಬೆನ್ನಿನ ಹೆಸರು ನೋಡಿ ಬೇರೆ ಬೇರೆ ಗುಪ್ಪೆ ಹಾಕಿಸು, ಹಳೆಯವನ್ನೆಲ್ಲ ಒಂದೇ ಕಡೆ ಹೊದೆಸು, ಕಡಿಮೆ ಬಿದ್ದದ್ದನ್ನು ಕೊಟ್ಟಿಗೆಯ ಹೆಂಚಿನಿಂದ ತುಂಬಿಸು. ಮಂಗನ ಕಾಟಕ್ಕೆ ಹೆಂಚೆಲ್ಲ ತೆಗೆದು ತಗಡಿನ ಶೀಟು ಹಾಕಿಸು ಅಂತ ಊರಲ್ಲಿ ಹತ್ತು ಜನ ಹೇಳುತ್ತಾರೆ. ಅವರದ್ದೂ ತಪ್ಪಲ್ಲ, ಮಂಗಗಳ ಜೊತೆ ಬದುಕುವವರಿಗೇ ಅದರ ಕಷ್ಟ ಗೊತ್ತು. ಆದರೂ ವಾಸದ ಮನೆಗೆ ಶೀಟು ನನಗೆ ಒಗ್ಗುವುದಿಲ್ಲ. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಬೇಸಿಗೆಯಲ್ಲಿ ಒಳಗೆ ಕೂರಲಾಗುವುದಿಲ್ಲ. ಕೊಟ್ಟಿಗೆಗೆ, ಸೌದೆ ಮನೆಗೆ ಹಾಕಿಸಿಕೋ. ಕೊಟ್ಟಿಗೆಯ ಒಂದು ಪಕ್ಕಕ್ಕೆ ಅಣ್ಣ ಹಾಕಿಸಿದ ಕಲ್ನಾರಿನ ಶೀಟು ಇದೆ. ಅದನ್ನು ಒಡೆಯಬೇಡ, ಕೊರೆಯಬೇಡ. ಅದರ ಧೂಳು ಪುಪ್ಪುಸಕ್ಕೆ ಹೊಕ್ಕರೆ ಎಷ್ಟೋ ವರ್ಷದ ಮೇಲೆ ಕಾಯಿಲೆಯಾಗಿ ಏಳುತ್ತದೆ. ತೆಗೆಯಲೇಬೇಕಾದರೆ ನೀರು ಹಾಕಿ ಒದ್ದೆ ಮಾಡಿಸಿ, ಇಡಿಯಾಗಿ ಇಳಿಸಿ, ತೋಡಿಗೆ ಬಾವಿಗೆ ಹತ್ತಿರ ಹಾಕದ ಹಾಗೆ ನೋಡಿಕೋ.

ಹೆಂಚು ಇಳಿಸಿದಾಗ ರೀಪು, ಪಕ್ಕಾಸು, ತೊಲೆ ಎಲ್ಲ ಕಣ್ಣಿಗೆ ಕಾಣುತ್ತವೆ. ಒಲೆ ಉರಿಯುತ್ತಿದ್ದ ಕಾಲದಲ್ಲಿ ಹೊಗೆ ಹಿಡಿದ ಮರಕ್ಕೆ ಹುಳ ಬೀಳುವುದು ಕಡಿಮೆ ಇತ್ತು. ಬೀಗ ಹಾಕಿದ ಮನೆಯಲ್ಲಿ ಒರಲೆಯದೇ ದರ್ಬಾರು. ನಡುಭಾಗ ನೋಡಿ ಮೋಸ ಹೋಗಬೇಡ, ಗೋಡೆಯೊಳಗೆ ಹೊಕ್ಕಿರುವ ತೊಲೆಯ ತುದಿಗೆ ತಿರುಪುಳಿ ಚುಚ್ಚಿ ನೋಡಿಸು. ತುದಿ ಮಾತ್ರ ಕೆಟ್ಟಿದ್ದರೆ ಒಳ್ಳೆಯ ಆಚಾರಿ ಅಷ್ಟನ್ನು ಕತ್ತರಿಸಿ ಹೊಸ ಮರ ಜೋಡಿಸಿಕೊಡುತ್ತಾನೆ. ‘ಎಲ್ಲ ತೆಗೆದು ಕಬ್ಬಿಣದ ಪೈಪು ಹಾಕೋಣ, ಈ ಹಳೇ ಮರ ನಾನೇ ಸಾಗಿಸುತ್ತೇನೆ’ ಅನ್ನುವವನ ಬಗ್ಗೆ ಹುಷಾರು. ಜಗಲಿಯ ಹಲಸಿನ ಕಂಬ, ಹೆಬ್ಬಾಗಿಲಿನ ಬೀಟೆಯ ದಾರಂದ ಇವಕ್ಕೆ ಪೇಟೆಯಲ್ಲಿ ಏನು ಬೆಲೆ ಅಂತ ಅವನಿಗೆ ನಿನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಬಾಗಿಲುಗಳ ಹಳೇ ಎಣ್ಣೆ ಬಣ್ಣ ತೆಗೆಸುವಾಗ ಮಗು ಅಲ್ಲಿ ಇರಬಾರದು. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅಂತ ಕಾಯಿದೆ ಮಾಡಿದ್ದೇ 2016ರಲ್ಲಿ. ಅದಕ್ಕೂ ಹಿಂದಿನದರಲ್ಲಿ ಸೀಸ ಇರುವ ಸಂಭವ ಬಹಳ. ಒಣ ಉಪ್ಪುಕಾಗದ ಹಾಕಿ ಉಜ್ಜಿದರೆ ಆ ಧೂಳು ನೆಲದಲ್ಲಿ ಕೂರುತ್ತದೆ, ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ನೀರು ಹಚ್ಚಿಕೊಂಡು ಉಜ್ಜಲಿ, ಕೆಲಸದವರೂ ಮೂಗಿಗೆ ಕಟ್ಟಿಕೊಳ್ಳಲಿ.

ಕರೆಂಟಿನದು ಚರ್ಚೆ ಬೇಡ, ಪೂರ್ತಿ ಹೊಸದು. ಮರದ ಪಟ್ಟಿ ಮೇಲಿನ ಆ ವೈರು, ಪಿಂಗಾಣಿ ಫ್ಯೂಸು ಎಲ್ಲ ತೆಗೆಸು. ಅರ್ತಿಂಗ್ ಹೊಸದಾಗಿ ಹಾಕಿಸು, ಕರೆಂಟು ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಕೂರಿಸು, ಗೀಸರು ಮಿಕ್ಸಿ ಎಲ್ಲ ಲೆಕ್ಕ ಹಾಕಿ ಮೆಸ್ಕಾಂನಲ್ಲಿ ಲೋಡು ಹೆಚ್ಚಿಸಿಕೋ. ಪೈಪು ವೈರುಗಳಿಗಾಗಿ ಮಣ್ಣಿನ ಗೋಡೆ ಕೊರೆಸಬೇಡ, ಮೇಲೆಯೇ ಹಾಯಲಿ. ನೀರಿನ ಪೈಪು ಗೋಡೆಯೊಳಗೆ ಸೋರಲು ಶುರುವಾದರೆ ಗೋಡೆ ಕೂರುವವರೆಗೆ ಗೊತ್ತಾಗುವುದಿಲ್ಲ. ಹೊಸ ಬಚ್ಚಲು, ಕಕ್ಕಸು ಮನೆಗೆ ಅಂಟಿದ ಹಾಗೆ ಬೇಕು ಸರಿ, ಈಗಿನ ಕಾಲಕ್ಕೆ ಅದು ಬೇಕೇ. ಆದರೆ ಅದರ ಗೋಡೆ ಅದರದ್ದೇ ಇರಲಿ, ಇಟ್ಟಿಗೆ ಸಿಮೆಂಟಿನದು. ಇಂಗುಗುಂಡಿ ಬಾವಿಯಿಂದ 60 ಅಡಿಯಾದರೂ ದೂರ, ಬಾವಿಗಿಂತ ಕೆಳಗಿನ ಪಕ್ಕದಲ್ಲಿ.

ವಾಸ್ತು ಹೇಳುವವರೂ ಬರುತ್ತಾರೆ, ಕರೆಯದಿದ್ದರೂ ಬರುತ್ತಾರೆ. ಒಲೆ ತಿರುಗಿಸಿ ಇಡು ಅಂದರೆ ಇಟ್ಟುಬಿಡು, ಅದಕ್ಕೇನೂ ಖರ್ಚಿಲ್ಲ. ಗೋಡೆ ಒಡೆದು ಬಾಗಿಲು ಬದಲಿಸು ಅಂದರೆ ಕಾಫಿ ಕೊಟ್ಟು ಕಳಿಸು. ಆ ಗೋಡೆಗಳು ತೊಲೆಯ ಭಾರ ಹೊತ್ತು ನಿಂತಿವೆ.

ಧರೆ ವಿಷಯದಲ್ಲಿ ಮಾತ್ರ ನನ್ನದನ್ನು ಸಲಹೆ ಅಂದುಕೊಳ್ಳಬೇಡ, ಅಪ್ಪಣೆ ಅಂತಲೇ ತಿಳಿ. ಜೆ.ಸಿ.ಬಿ. ಮನೆಯ ಹಿಂದಕ್ಕೆ ಹೋಗಕೂಡದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, ಮಾರನೇ ವರ್ಷ ಮೂಡಿಗೆರೆ ಕಡೆ ಗುಡ್ಡ ಜಾರಿ ಮನೆಗಳೇ ಹೋದದ್ದನ್ನು ನೀನೂ ನೋಡಿದ್ದೀಯ. ಭಾರಿ ಮಳೆ ಒಂದು ಕಾರಣ, ರಸ್ತೆಗೆ ಮನೆಗೆ ಅಂತ ಇಳಿಜಾರನ್ನು ನೆಟ್ಟಗೆ ಕಡಿದದ್ದು ಇನ್ನೊಂದು. ನಮ್ಮ ಧರೆ ಓರೆಯಾಗಿದೆ, ಮೇಲೆ ಮರದ ಬೇರು ಹಿಡಿದುಕೊಂಡಿವೆ, ಅದಕ್ಕೇ ನಿಂತಿದೆ. ಕಾರು ಬೇಕಾದರೆ ಕೆಳಗೆ ಹೆಬ್ಬಾಗಿಲ ಆಚೆ ನಿಲ್ಲಲಿ. ನಾಲ್ಕು ಹೆಜ್ಜೆ ನೆನೆದುಕೊಂಡು ಬಂದರೆ ಯಾರೂ ಕರಗುವುದಿಲ್ಲ.

ದುಡ್ಡಿನ ಮಾತು. ಇಡೀ ಮನೆಗೆ ಚದರಡಿ ಲೆಕ್ಕದಲ್ಲಿ ಗುತ್ತಿಗೆ ಕೊಡಬೇಡ. ಹೆಂಚು ತೆಗೆಯದೆ ಒಳಗೆ ಏನಿದೆ ಅಂತ ಅವನಿಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಬೆಲೆ ಕಟ್ಟಿದರೆ ಇಬ್ಬರಲ್ಲಿ ಒಬ್ಬರಿಗೆ ಮೋಸ. ಮಾಡಿನ ಕೆಲಸ ದಿನಗೂಲಿ ಮೇಲೆ, ನೀನು ಎದುರಿಗೆ ನಿಂತು ಮಾಡಿಸು. ಬಚ್ಚಲು, ವೈರಿಂಗು ಬೇಕಾದರೆ ಗುತ್ತಿಗೆ. ಕೈಯಲ್ಲಿರುವುದರಲ್ಲಿ ಕಾಲುಪಾಲು ಮುಟ್ಟದೆ ತೆಗೆದಿಡು, ತೊಲೆ ಏನು ಹೇಳುತ್ತದೋ ನೋಡೋಣ. ಮಾಡು ಮುಗಿಯುವವರೆಗೆ ಒಳಗಿನ ಬಣ್ಣ, ಮಾಡ್ಯುಲರ್ ಅಡುಗೆಮನೆ ಯಾವುದರ ಸುದ್ದಿಯೂ ಬೇಡ. ಕೆಲಸ ದೀಪಾವಳಿ ಕಳೆದಮೇಲೆ ಶುರುವಾಗಲಿ, ಹಿಂಗಾರು ಮಳೆಗೆ ಮಾಡು ಬಿಚ್ಚಿ ಕೂತರೆ ಕಷ್ಟ. ಸಂಕ್ರಾಂತಿಗೆ ಮುಗಿಯುವುದಿಲ್ಲ, ಯುಗಾದಿಗೆ ಒಕ್ಕಲಾಗು. ಆಳುಗಳು ಅಡಿಕೆ ಕೊಯ್ಲಿಗೆ ಹೋದರೆ ಸಿಟ್ಟು ಮಾಡಬೇಡ, ಊರಿನ ಲೆಕ್ಕವೇ ಹಾಗೆ.

ಇಷ್ಟೆಲ್ಲಕ್ಕೂ ಮುಂಚೆ ಕಾಗದಪತ್ರ. ಮನೆಯ ಖಾತೆ ಇನ್ನೂ ಅಪ್ಪಯ್ಯನ ಹೆಸರಲ್ಲೇ ಇದೆ, ಪಾಲುಪಟ್ಟಿ ಆಗಿಲ್ಲ. ‘ಅತ್ತೆಯಂದಿರು ಮದುವೆಯಾಗಿ ಹೋದವರು’ ಅಂತ ಹೇಳುವವರ ಮಾತು ಕೇಳಬೇಡ. ಕರ್ನಾಟಕದಲ್ಲಿ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂದಾಗ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟಿದ್ದರು ನಿಜ. 2005ರ ತಿದ್ದುಪಡಿ ಆ ಭೇದ ತೆಗೆಯಿತು, ಅಪ್ಪ ಆಗ ಬದುಕಿರಲೇಬೇಕೆಂದೇನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದರೆ ನೀನು ಖರ್ಚು ಮಾಡಲು ಹೊರಟಿರುವ ಗೋಡೆಯಲ್ಲಿ ನನಗೂ ನಿನ್ನ ಚಿಕ್ಕತ್ತೆಗೂ ಚಿಕ್ಕಪ್ಪನಿಗೂ ಪಾಲಿದೆ. ನನ್ನದನ್ನು ನಿನಗೆ ಬಿಟ್ಟುಕೊಡುತ್ತೇನೆ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತೇನೆ. ಬಾಯಿಮಾತು ಬೇಡ, ನೋಂದಣಿಯೇ ಆಗಲಿ. ಆಮೇಲೆ ಪಂಚಾಯ್ತಿಯಲ್ಲಿ ಆಸ್ತಿ ದಾಖಲೆಯ ನಮೂನೆ 9, 11 ನಿನ್ನ ಹೆಸರಿಗೆ ಮಾಡಿಸಿಕೋ. ಸಾಲ ಬೇಕೆಂದರೆ ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ. ನಾನು ಬಿಟ್ಟೆ ಅಂತ ಉಳಿದವರೂ ಬಿಡಬೇಕು ಅಂದುಕೊಳ್ಳಬೇಡ. ಚಿಕ್ಕತ್ತೆ ಹತ್ತಿರ ಫೋನಿನಲ್ಲಿ ಕೇಳಬೇಡ, ಪುಣೆಗೆ ಗಂಡಹೆಂಡತಿ ಹೋಗಿ ಎರಡು ದಿನ ಇದ್ದು ಕೇಳಿ. ಅವಳಿಗೆ ಆ ಮನೆಯ ಮೇಲೆ ಇರುವ ಆಸೆ ದುಡ್ಡಿನದಲ್ಲ ಅಂತ ನನ್ನ ಎಣಿಕೆ. ವರ್ಷಕ್ಕೊಮ್ಮೆ ಬಂದು ಇರಲು ಒಂದು ಕೋಣೆ ಅವಳದೇ ಅನ್ನಿ. ದುಡ್ಡೇ ಬೇಕು ಅಂದರೂ ಚೌಕಾಸಿ ಮಾಡಬೇಡಿ, ಅದು ಅವಳ ಹಕ್ಕು.

ಮನೆಯ ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಇದೆ, ಅಟ್ಟದ್ದು ನನ್ನ ಹತ್ತಿರ. ಸಾಗರಕ್ಕೆ ಬಂದು ತಗೊಂಡು ಹೋಗು, ಬರುವ ಹಿಂದಿನ ದಿನ ಒಂದು ಫೋನು ಮಾಡು. ಕರೆಂಟು ಹಾಕುವ ಮುಂಚೆ ಮೇನ್ ಸ್ವಿಚ್ಚನ್ನು ಲೈನ್‌ಮನ್‌ಗೆ ತೋರಿಸು, ಅಲ್ಲಿಯವರೆಗೆ ಬ್ಯಾಟರಿಯಲ್ಲೇ ಇರು. ಅಟ್ಟದ ಏಣಿಯ ಮೂರನೇ ಮೆಟ್ಟಿಲು ಅಲ್ಲಾಡುತ್ತದೆ, ನೋಡಿ ಕಾಲಿಡು.

ನಿನ್ನ ಹೆಂಡತಿಗೆ, ಅಮ್ಮನಿಗೆ ಕೇಳಿದೆನೆಂದು ಹೇಳು. ಮಗುವಿಗೆ ಮುತ್ತು.

ಇತಿ,
ನಿನ್ನ ದೊಡ್ಡತ್ತೆ