ಬಾಯಾರಿಕೆ ಎಂದರೆಲ್ಲ ಶುಗರ್ ಅಲ್ಲ

ಮಾನ್ಯ ಸಂಪಾದಕರೇ,

ನನ್ನ ತಮ್ಮ ಮೂಡಿಗೆರೆ ಹತ್ತಿರದ ತೋಟದಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ. ತಲೆಗೆ ಪೆಟ್ಟಾಯಿತು. ಜೀವ ಉಳಿಯಿತಲ್ಲ ಎಂದು ನಾವು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ವಿಪರೀತ ಬಾಯಾರಿಕೆ ಶುರುವಾಯಿತು. ತಂಬಿಗೆ ಸಾಲದೆ ಬಿಂದಿಗೆಯನ್ನೇ ಹಾಸಿಗೆ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದ. ರಾತ್ರಿ ಏಳೆಂಟು ಸಲ ಎದ್ದು ಹೋಗುತ್ತಿದ್ದ. ಮೂತ್ರ ನೀರಿನಷ್ಟೇ ತಿಳಿ. ನೋಡಿದವರೆಲ್ಲ ಶುಗರ್ ಎಂದರು. ಅನ್ನ ಬಿಡಿಸಿದೆವು, ಹಾಗಲಕಾಯಿ ರಸ ಕುಡಿಸಿದೆವು. ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು.

ಕೊನೆಗೆ ಹಾಸನದ ವೈದ್ಯರೊಬ್ಬರು, ಇದು ಡಯಾಬಿಟಿಸ್ ಇನ್ಸಿಪಿಡಸ್ ಎಂದರು. ಹೆಸರಿನಲ್ಲಿ ಡಯಾಬಿಟಿಸ್ ಇದೆ ಅಷ್ಟೇ, ಸಕ್ಕರೆಗೂ ಇದಕ್ಕೂ ಸಂಬಂಧವೇ ಇಲ್ಲ. ಇನ್ಸಿಪಿಡಸ್ ಎಂದರೆ ಸಪ್ಪೆ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇರುತ್ತದೆ. ಮೈಯಲ್ಲಿರುವ ನೀರನ್ನು ಪೋಲಾಗದಂತೆ ಹಿಡಿದಿಟ್ಟುಕೊಳ್ಳಲು ಕಿಡ್ನಿಗೆ ಹೇಳುವ ವ್ಯಾಸೊಪ್ರೆಸಿನ್ ಹಾರ್ಮೋನು ಅಲ್ಲಿಂದ ಬರಬೇಕು. ತಲೆಗೆ ಬಿದ್ದ ಪೆಟ್ಟಿನಿಂದ ತಮ್ಮನಿಗೆ ಅದು ನಿಂತುಹೋಗಿತ್ತು. ಆ ಭಾಗದಲ್ಲಿ ಗಡ್ಡೆಯಾದರೂ, ಆಪರೇಷನ್ ಆದರೂ ಹೀಗಾಗಬಹುದಂತೆ. ಹಾರ್ಮೋನು ಇದ್ದೂ ಕಿಡ್ನಿ ಅದರ ಮಾತು ಕೇಳದ ಇನ್ನೊಂದು ಬಗೆಯಿದೆ. ಅದರ ಚಿಕಿತ್ಸೆಯೇ ಬೇರೆ.

ತಮ್ಮನಿಗೆ ಆ ಹಾರ್ಮೋನಿನ ಕೆಲಸ ಮಾಡುವ ಡೆಸ್ಮೋಪ್ರೆಸಿನ್ ಮಾತ್ರೆ ಕೊಟ್ಟರು. ಆ ರಾತ್ರಿ ಎಷ್ಟೋ ವಾರಗಳ ನಂತರ ಅವನು ನಿದ್ದೆ ಮಾಡಿದ. ನಾನು ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.

ಈ ಪತ್ರ ಬರೆಯಲು ಕಾರಣ ಆಮೇಲೆ ನಡೆದದ್ದು. ಹೋದ ಮಳೆಗಾಲದಲ್ಲಿ ವಾಂತಿ ಭೇದಿಯಾಗಿ ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಚೀಟಿಯಲ್ಲಿ 'ಡಯಾಬಿಟಿಸ್' ಎಂದಷ್ಟೇ ಬರೆದುಕೊಂಡರು. ಹೊತ್ತು ಹೊತ್ತಿಗೆ ಶುಗರ್ ನೋಡಿದರು, ಡೆಸ್ಮೋಪ್ರೆಸಿನ್ ಮಾತ್ರೆ ಕೊಡಲಿಲ್ಲ. ಅವನು ನೀರು ಕೇಳಿದರೆ "ಅಷ್ಟೆಲ್ಲ ಕುಡಿಯಬೇಡಿ" ಎಂದರು. ಬೆಳಗಾಗುವಷ್ಟರಲ್ಲಿ ಮಂಕಾಗಿ ಏನೇನೋ ಮಾತಾಡುತ್ತಿದ್ದ. ಮೈಯ ನೀರೆಲ್ಲ ಹೋಗಿ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಏರಿಬಿಟ್ಟಿತ್ತು. ಸಿಸ್ಟರ್‌ಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಹೆಸರೇ ದಾರಿ ತಪ್ಪಿಸುತ್ತದೆ ಅಲ್ವಾ? ಇಂಥ ಎಡವಟ್ಟು ಬೇರೆ ದೇಶಗಳಲ್ಲೂ ಆಗಿ ಜೀವಗಳೇ ಹೋಗಿವೆ. ಅದಕ್ಕೇ 2022ರಲ್ಲಿ ತಜ್ಞರು ಸೇರಿ, ತಮ್ಮನಿಗಿರುವ ಬಗೆಗೆ ಅದೇ ಹಾರ್ಮೋನಿನ ಪೂರ್ತಿ ಹೆಸರಿಟ್ಟು 'ಆರ್ಜಿನೈನ್ ವ್ಯಾಸೊಪ್ರೆಸಿನ್ ಕೊರತೆ' ಎಂಬ ಹೊಸ ಹೆಸರು ಸೂಚಿಸಿದರು. ನಮ್ಮ ಕಡೆ ಇನ್ನೂ ಹಳೆಯ ಹೆಸರೇ ಬಾಯಲ್ಲಿದೆ.

ಮಾತ್ರೆ ಸಿಕ್ಕಿತು ಎಂದು ಮೈಮರೆಯುವ ಹಾಗೂ ಇಲ್ಲ. ಅದನ್ನು ನುಂಗಿ, ಬಾಯಾರಿಕೆ ಇಲ್ಲದಿದ್ದರೂ ಹಳೆ ಅಭ್ಯಾಸದಿಂದ ಸುಮ್ನೆ ನೀರು ಕುಡಿಯುತ್ತಿದ್ದರೆ ಸೋಡಿಯಂ ಇಳಿದು ತಲೆನೋವು, ವಾಂತಿ, ಫಿಟ್ಸ್ ಕೂಡ ಬರಬಹುದು. ಹಾಗೆಯೇ, ಕಾಯಿಲೆ ಇದೆಯೋ ಇಲ್ಲವೋ ಎಂದು ಮನೆಯಲ್ಲಿ ನೀರು ನಿಲ್ಲಿಸಿ ನೋಡಬೇಡಿ. ಅಂಥ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿ ತೂಕ, ಮೂತ್ರ, ರಕ್ತ ನೋಡುತ್ತಲೇ ಮಾಡುತ್ತಾರೆ. ದಿನಕ್ಕೆ 3 ಲೀಟರ್‌ಗಿಂತ ಜಾಸ್ತಿ ತಿಳಿ ಮೂತ್ರ ಹೋಗುತ್ತಿದ್ದು, ಸಕ್ಕರೆ ಸರಿಯಿದ್ದರೆ ವೈದ್ಯರಿಗೆ ಬಿಡಿಸಿ ಹೇಳಿ.

ಈ ಮಾತ್ರೆ ನಮ್ಮೂರಿನ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ಮುಗಿಯುವ ಮೊದಲೇ ಹಾಸನದಿಂದ ತರಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಾದರೂ ಇದನ್ನು ಇಡಬೇಕೆಂದು ಆರೋಗ್ಯ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ. ತಮ್ಮನ ಜೇಬಿನಲ್ಲಿ ಈಗ ಯಾವಾಗಲೂ ಒಂದು ಚೀಟಿ ಇರುತ್ತದೆ: "ನನಗೆ ಶುಗರ್ ಇಲ್ಲ. ನೀರು ಮತ್ತು ಡೆಸ್ಮೋಪ್ರೆಸಿನ್ ನಿಲ್ಲಿಸಬೇಡಿ."

– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ